ಕಡ್ಡಿ ಗೀರದ ಕೈ

ಫಿನ್ಲೆಂಡಿನ ಹಾಪಯಾರ್ವಿಯಲ್ಲಿ ನವೆಂಬರ್ ಕೊನೆಗೆ ಬೆಳಗಾಗುವುದು ಗಡಿಯಾರದಲ್ಲಿ ಮಾತ್ರ. ಸೂರ್ಯನಿಗೆ ಏನೂ ಅವಸರವಿಲ್ಲ. ಅವನಿಗಿಂತ ಎಷ್ಟೋ ಮೊದಲೇ ಎದ್ದು ಚರ್ಚಿನ ಅಂಗಳದಲ್ಲಿ ಹಿಮ ಎತ್ತಿ ಹಾಕುತ್ತಿರುವವರು ಓಯ್ವ ಹಾಕಲಾ. ಅವರ ಸಲಿಕೆಯ ಸದ್ದು ಕೇಳಿದ ಮೇಲೇ ಸರೋವರದಾಚೆಯ ಮನೆಗಳಲ್ಲಿ ಕಾಫಿಗೆ ನೀರಿಡುವುದು. ಗೇಟಿನಿಂದ ಬಾಗಿಲವರೆಗೆ ದಾರಿ ಬಿಡಿಸಿ, ಮೆಟ್ಟಿಲಿಗೆ ಮರಳು ಎರಚಿ, ಕೊನೆಗೆ ಅವರು ಗಂಟೆಗೋಪುರದ ಹತ್ತಿರ ಬರುತ್ತಾರೆ. ಅದರ ಗೋಡೆಗೆ ಒರಗಿ ನಿಂತಿದ್ದಾನೆ ಮರದ ಭಿಕ್ಷುಕ. ಎದೆಯಲ್ಲಿ ಕಾಸು ಹಾಕುವ ಸೀಳು, ಮುಂದಕ್ಕೆ ಚಾಚಿದ ಕೈ. ಊರ ಬಡವರ ಪರವಾಗಿ ತಲೆತಲಾಂತರದಿಂದ ಬೇಡುತ್ತಿರುವ ಆಸಾಮಿ. ಓಯ್ವ ಕೈಗವಸಿನಿಂದ ಅವನ ಟೋಪಿಯ ಮೇಲಿನ ಹಿಮ ಒರೆಸುತ್ತಾರೆ.

"ನಾವಿಬ್ಬರೂ ಒಂದೇ ಕುಲ," ಅನ್ನುತ್ತಾರೆ. "ಆದ್ರೆ ಇವನು ಪಾಪ, ಕೈ ಚಾಚಿ ನಿಂತಿದ್ದಾನೆ, ಸಿಗೋದು ಚಿಲ್ಲರೆ. ನಾನು ಕೈ ಚಾಚಲೇ ಇಲ್ಲ, ಎಲ್ಲಾ ಸಿಕ್ತು."

ಆಮೇಲೆ ಒಳಗಿನ ಕೆಲಸ. ಚರ್ಚು ಬೆಚ್ಚಗಾಗಬೇಕು, ಬೆಂಚುಗಳ ಧೂಳು ಹೊಡೆಯಬೇಕು, ಅಂದಿನ ಕೀರ್ತನೆಗಳ ಸಂಖ್ಯೆಯನ್ನು ಹಲಗೆಗೆ ಸಿಕ್ಕಿಸಬೇಕು. ಇದ್ಯಾವುದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ನಿನ್ನೆಯ ನೀರು ಚೆಲ್ಲಿ, ಬಕೆಟ್ ತೊಳೆದು, ಹೊಸ ನೀರು ತುಂಬಿಸಿ ಬಲಿಪೀಠದ ಹಿಂದೆ ಇಡುವುದು. ಇದನ್ನು ಯಾರೂ ಅವರಿಗೆ ಹೇಳಿಲ್ಲ. ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಬಂದು ಎಷ್ಟೋ ವರ್ಷವಾಯಿತು. ಬಕೆಟ್ ಮಾತ್ರ ಒಂದು ದಿನವೂ ತಪ್ಪಿಲ್ಲ.

ಮೇಣದಬತ್ತಿಗಳನ್ನೂ ಅವರೇ ಜೋಡಿಸುತ್ತಾರೆ, ಬತ್ತಿ ಕತ್ತರಿಸಿ ನೇರ ಮಾಡುತ್ತಾರೆ. ಹಚ್ಚುವುದಿಲ್ಲ. ಪಾದ್ರಿಯಮ್ಮ ಇಲೋನಾ ಅವರೋ, ಮಗುವಿಗೆ ದೀಕ್ಷಾಸ್ನಾನ ಮಾಡಿಸಲು ಬಂದ ತಾಯಿಯೋ, ಯಾರಾದರೂ ಹಚ್ಚಬೇಕು. ಆರಾಧನೆ ಮುಗಿದ ಮೇಲೆ ಉದ್ದ ಕೋಲಿನ ತುದಿಯ ಗಂಟೆಯಾಕಾರದ ಟೋಪಿಯನ್ನು ಒಂದೊಂದರ ಮೇಲೆ ಕವುಚಿ ಓಯ್ವ ಆರಿಸುತ್ತಾ ಬರುತ್ತಾರೆ. "ಆರಿಸೋದು ನನ್ನ ಪಾಲು," ಅನ್ನುತ್ತಾರೆ. ನಲವತ್ತೆರಡು ವರ್ಷದಿಂದ ಅವರ ಜೇಬಿನಲ್ಲಿ ಬೆಂಕಿಪೊಟ್ಟಣವಿಲ್ಲ.

ಕಾರಣ ಊರಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಎತ್ತುವುದಿಲ್ಲ. ಓಯ್ವ ತಾವಾಗಿಯೇ ಹೇಳುತ್ತಾರೆ, ಮುಚ್ಚುಮರೆ ಇಲ್ಲದೆ. ಆಗ ಇಪ್ಪತ್ತೆರಡರ ಪ್ರಾಯ. ಹಳೆಯ ಮರದ ಚರ್ಚಿನ ಚಾವಣಿಗೆ ಟಾರು ಬಳಿಯುವ ಕೂಲಿ ಕೆಲಸಕ್ಕೆ ಬಂದಿದ್ದರು. ವಸಂತದ ಮುಂಜಾನೆ, ಚಳಿಗೆ ಟಾರು ಗಟ್ಟಿಯಾಗಿತ್ತು. ಚರ್ಚಿನ ಹತ್ತಿರ ಬೆಂಕಿ ಮಾಡಬಾರದು ಎಂದು ಮೇಸ್ತ್ರಿ ಹೇಳಿದ್ದ. ಯಾರು ಅಷ್ಟು ದೂರ ಹೊತ್ತುಕೊಂಡು ಹೋಗುತ್ತಾರೆ ಎಂದು ಗೋಡೆಯ ಪಕ್ಕದಲ್ಲೇ ಒಲೆ ಹೂಡಿ, ಟಾರು ಕಾಯಲಿಕ್ಕೆ ಇಟ್ಟು ಕಾಫಿ ಕುಡಿಯಲು ಹೋದರು. ಮಧ್ಯಾಹ್ನದ ಹೊತ್ತಿಗೆ ಚರ್ಚು ಇರಲಿಲ್ಲ. ದೂರದಲ್ಲಿದ್ದ ಗಂಟೆಗೋಪುರ, ಅದಕ್ಕೊರಗಿದ ಮರದ ಮುದುಕ, ಇಷ್ಟೇ ಉಳಿದದ್ದು.

"ಸೋಮಾರಿತನ," ಅನ್ನುತ್ತಾರೆ ಓಯ್ವ. "ದ್ವೇಷದಿಂದ ಸುಟ್ಟಿದ್ರೆ ಅದಕ್ಕಾದ್ರೂ ಒಂದು ಅರ್ಥ ಇರ್ತಿತ್ತು."

ಆ ಚರ್ಚನ್ನು ನೋಡಿಕೊಳ್ಳುತ್ತಿದ್ದವರು ವಿಲ್ಹೊ ಕೆತ್ತುಲಾ. ಪ್ರಭುಭೋಜನದ ಬೆಳ್ಳಿಪಾತ್ರೆ ತರಲು ಉರಿಯೊಳಗೆ ನುಗ್ಗಿದರು. ಪಾತ್ರೆ ಬಂತು, ಎರಡೂ ಕೈ ಹೋದವು. ಬೆರಳುಗಳು ಮತ್ತೆಂದೂ ಪೂರ್ತಿ ಮಡಚಲಿಲ್ಲ. ಹೊಸ ಚರ್ಚು ಏಳುವಾಗ ಊರಿನ ಸಭೆ ಸೇರಿತು. ವಿಲ್ಹೊಗೆ ಒಬ್ಬ ಸಹಾಯಕ ಬೇಕು, ಯಾರು ಎಂಬುದು ಪ್ರಶ್ನೆ. ಬ್ಯಾಂಡೇಜು ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ವಿಲ್ಹೊ ಹೇಳಿದ ಹೆಸರು ಓಯ್ವ.

"ಚರ್ಚು ಸುಟ್ಟವನ ಕೈಗೇ ಬೀಗದಕೈ ಕೊಡೋದಾ? ತಲೆ ನೆಟ್ಟಗಿದೆಯಾ ನಿಮಗೆ?" ಎಂದು ಹಿಂದಿನಿಂದ ಯಾರೋ ಕೇಳಿದರಂತೆ. ಕೇಳದೆ ಇರುತ್ತಾರೆಯೇ?

ವಿಲ್ಹೊ ಕೊಟ್ಟ ಉತ್ತರ ಈಗಲೂ ಊರವರ ಬಾಯಲ್ಲಿದೆ. "ಅವನಿಗೆ ತಕ್ಕದ್ದನ್ನೇ ಕೊಡೋಣ ಅಂತ ಹೊರಟ್ರೆ, ನಮಗೆ ತಕ್ಕದ್ದು ಏನು ಅಂತಾನೂ ನೋಡ್ಬೇಕಾಗುತ್ತೆ. ನಾನಂತೂ ಅದಕ್ಕೆ ತಯಾರಿಲ್ಲಪ್ಪ. ನನಗೆ ಎರಡು ಕೈ ಬೇಕು. ಅವನ ಹತ್ರ ಇವೆ."

ಹೀಗೆ ಓಯ್ವ ಬಂದರು. ಸುಲಭವೇನೂ ಆಗಲಿಲ್ಲ. ಅಂಗಡಿಗೆ ಹೋದರೆ "ಬೆಂಕಿಪೊಟ್ಟಣ ಬೇಕಾಗಿತ್ತಾ ಸ್ವಾಮಿ?" ಎಂಬ ಕುಹಕ. ವಿಲ್ಹೊ ಅವರ ಮಗಳು ಲೆಂಪಿಯಂತೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಇಂದು ಅದೇ ಲೆಂಪಿ, ತೋಳೇರಿಸಿಕೊಂಡು ಚರ್ಚಿನ ಅಡುಗೆಮನೆ ಆಳುವ ಗಟ್ಟಿಗಿತ್ತಿ, ಏಲಕ್ಕಿ ಬನ್ನಿನ ಹಿಟ್ಟು ನಾದುತ್ತಾ ನೆನಪಿಸಿಕೊಳ್ಳುತ್ತಾರೆ: "ನಾನೇನು ದೇವತೆಯಲ್ಲ. ಅಪ್ಪನಿಗೆ ತುತ್ತು ಕೊಡುವಾಗೆಲ್ಲ ಇವನಿಗೆ ಶಾಪ ಹಾಕ್ತಿದ್ದೆ. ಇವನು ಒಳ್ಳೆಯವನಾದ ಅಂತ ನಾನು ಕ್ಷಮಿಸಲೂ ಇಲ್ಲ. ಒಂದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಕೋಪ ಇಲ್ಲ. ಹುಡುಕಿದೆ, ಸಿಗಲಿಲ್ಲ. ನಾನು ಮಾಡಿದ್ದಲ್ಲ ಅದು. ದೇವರು ನನಗೂ ಬಿಟ್ಟಿಯಾಗೇ ಕೊಟ್ಟ."

ಲೆಂಪಿಗೆ ಈಗ ಉಳಿದಿರುವ ಸಿಟ್ಟು ಒಂದೇ, ಓಯ್ವ ಅವರ ಫ್ಲಾಸ್ಕಿನ ಮೇಲೆ. ಭಾನುವಾರ ಆರಾಧನೆ ಮುಗಿದ ಮೇಲೆ ಊರೆಲ್ಲ ಕೂತು ಚರ್ಚಿನ ಕಾಫಿ ಕುಡಿಯುತ್ತದೆ. ಓಯ್ವ ಮೂಲೆಯಲ್ಲಿ ತಮ್ಮ ಫ್ಲಾಸ್ಕಿನಿಂದ ಬಗ್ಗಿಸಿಕೊಳ್ಳುತ್ತಾರೆ. "ಕೊಟ್ಟಿದ್ದೇ ಹೊರಲಾರದಷ್ಟಿದೆ, ಮೇಲೆ ಕಾಫಿ ಬೇರೆಯಾ," ಎಂಬುದು ಅವರ ವಾದ. "ಜೀತಕ್ಕಿರೋನ ಹಾಗೆ ದುಡೀತಾನೆ," ಅನ್ನುತ್ತಾರೆ ಲೆಂಪಿ. "ಅಪ್ಪ ಕೊಟ್ಟಿದ್ದು ಸಾಲ ಅಲ್ವೋ ಅಂದ್ರೆ ಕಿವಿಗೇ ಹಾಕ್ಕೊಳಲ್ಲ."

ವರ್ಷದ ಕೊನೆಗೆ ಓಯ್ವ ನಿವೃತ್ತರಾಗುತ್ತಾರೆ. ಇಂದು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ, ನಾಲ್ಕು ಬತ್ತಿಗಳ ಹಸಿರು ಹಾರದಲ್ಲಿ ಮೊದಲನೆಯದು ಹತ್ತುವ ದಿನ. ಅದನ್ನು ನೀವೇ ಹಚ್ಚಬೇಕು ಎಂದು ಪಾದ್ರಿ ಇಲೋನಾ ಹದಿನೈದು ದಿನದಿಂದ ಕೇಳುತ್ತಿದ್ದಾರೆ. ಓಯ್ವ ಆಗುವುದಿಲ್ಲ ಎಂದಿದ್ದಾರೆ. ಒಮ್ಮೆಯೂ ಹಚ್ಚದೆ ಬೀಗದಕೈ ಒಪ್ಪಿಸಿ ಹೋಗಿಬಿಟ್ಟರೆ, ಅಪ್ಪ ಕೊಟ್ಟ ಕ್ಷಮೆ ಅರ್ಧಕ್ಕೇ ನಿಂತುಹೋಗುತ್ತದೆ ಎಂಬ ಸಂಕಟ ಲೆಂಪಿಯದು.

ಚರ್ಚು ತುಂಬಿದೆ. ಗಂಟೆ ಬಾರಿಸಿ ಬಂದ ಓಯ್ವ ಎಂದಿನಂತೆ ಬಾಗಿಲ ಬಳಿ ನಿಂತಿದ್ದಾರೆ. ಪಾದ್ರಿಯಮ್ಮ ಹಾರದ ಪಕ್ಕ ಸುಮ್ಮನೆ ಕಾಯುತ್ತಿದ್ದಾರೆ. ಆಗ ಮುಂದಿನ ಬೆಂಚಿನಿಂದ ಲೆಂಪಿ ಎದ್ದು, ನಡುದಾರಿಯಲ್ಲಿ ಬಂದು, ಓಯ್ವ ಅವರ ಅಂಗೈಗೆ ಬೆಂಕಿಪೊಟ್ಟಣ ಇಡುತ್ತಾರೆ.

"ಬೇಡಕ್ಕ," ಓಯ್ವ ಅವರ ದನಿ ಏಳುವುದೇ ಇಲ್ಲ. "ನನಗೆ ಆ ಯೋಗ್ಯತೆ ಇಲ್ಲ."

"ಇಲ್ಲ ಅಂತ ನನಗೂ ಗೊತ್ತು," ಅನ್ನುತ್ತಾರೆ ಲೆಂಪಿ, ಪಿಸುಮಾತು ಬಾರದ ಹೆಂಗಸು. "ಯೋಗ್ಯತೆ ಇರೋರೇ ಬರಲಿ ಅಂತ ಕಾದಿದ್ರೆ ಈ ಚರ್ಚಲ್ಲಿ ಒಂದು ಬತ್ತೀನೂ ಹತ್ತುತ್ತಿರಲಿಲ್ಲ. ನಡಿಯೋ ಮಾರಾಯ, ಜನ ಕಾಯ್ತಿದ್ದಾರೆ."

ಯಾರೋ ನಕ್ಕರು. ಆ ನಗುವೇ ಅವರನ್ನು ಮುಂದೆ ನಡೆಸಿತೋ ಏನೋ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಬತ್ತಿಗೆ ತಾಗಿಸುವಾಗ ಓಯ್ವ ಅವರ ಕಣ್ಣು ಬಲಿಪೀಠದ ಹಿಂದಕ್ಕೆ ಹೋಯಿತು. ಬಕೆಟ್ ಇಲ್ಲ!

"ಬಕೆಟ್ ಎಲ್ಲಿ?"

"ಮೊದಲು ಕೂತ್ಕೋ," ಎಂದು ಲೆಂಪಿ ತಮ್ಮ ಪಕ್ಕದಲ್ಲಿ ಜಾಗ ಮಾಡುತ್ತಾರೆ. ಇಷ್ಟು ವರ್ಷದಲ್ಲಿ ಓಯ್ವ ಆ ಬೆಂಚನ್ನು ಒರೆಸಿದ್ದಾರೆಯೇ ಹೊರತು ಕೂತವರಲ್ಲ. ಇಡೀ ಆರಾಧನೆ ಆ ಒಂದು ಜ್ವಾಲೆಯನ್ನೇ ನೋಡುತ್ತಾ, ಎದ್ದು ಓಡಲು ಸಿದ್ಧರಾದವರಂತೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಅದು ಸದ್ದಿಲ್ಲದೆ ಉರಿಯಿತು. ಕೊನೆಯ ಕೀರ್ತನೆಯ ಹೊತ್ತಿಗೆ ಬೆನ್ನು ಬೆಂಚಿಗೆ ಒರಗಿತ್ತು, ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

ಅಡುಗೆಮನೆಯಲ್ಲಿ ಬಕೆಟ್ ಬೋರಲಾಗಿ ಬಿದ್ದಿದೆ. ಒಲೆಯ ಮೇಲೆ ದೊಡ್ಡ ಕೆಟಲಿನಲ್ಲಿ ಕಾಫಿ ಕುದಿಯುತ್ತಿದೆ.

"ನೀನು ಗಂಟೆ ಬಾರಿಸೋಕೆ ಹೋದಾಗ ಎತ್ಕೊಂಡು ಬಂದೆ," ಅನ್ನುತ್ತಾರೆ ಲೆಂಪಿ. "ದಿನಾ ಚೆಲ್ತೀಯಲ್ಲ, ಇವತ್ತು ಕಾಫಿಗೆ ಹಾಕ್ದೆ."

ಓಯ್ವ ಅವರ ಕೈ ಚೀಲದ ಫ್ಲಾಸ್ಕಿನ ಕಡೆ ಹೋಗಿ, ಅಲ್ಲೇ ನಿಲ್ಲುತ್ತದೆ. ಲೆಂಪಿ ಚರ್ಚಿನ ಪಿಂಗಾಣಿ ಬಟ್ಟಲು ತುಂಬಿಸಿ ಮುಂದೆ ತಳ್ಳುತ್ತಾರೆ, ಜೊತೆಗೊಂದು ಬನ್ನು. ಊರೇ ನೋಡದವರ ಹಾಗೆ ನೋಡುತ್ತಿದೆ. ಓಯ್ವ ಕುಡಿಯುತ್ತಾರೆ, ನಿಧಾನವಾಗಿ, ತಳ ಕಾಣುವವರೆಗೆ.

ನಿವೃತ್ತಿಯ ಮೇಲೆ ಏನಾಸೆ ಎಂದು ಅವರ ಬಗ್ಗೆ ಬರೆಯಲು ಬಂದ ಪತ್ರಿಕೆಯವರು ಕೇಳಿದಾಗ ಓಯ್ವ ಕಿಟಕಿಯಾಚೆ ಗಂಟೆಗೋಪುರದ ಕಡೆ ನೋಡುತ್ತಾರೆ. "ಆ ಮರದ ಮುದುಕನ ಟೋಪಿ ಯಾರಾದ್ರೂ ಒರೆಸ್ಬೇಕು," ಅನ್ನುತ್ತಾರೆ. "ಬೇರೆ ಏನಿಲ್ಲ."

ಆಮೇಲೆ ಏನೋ ನೆನಪಾದವರಂತೆ ಲೆಂಪಿಯ ಕಡೆ ತಿರುಗಿ, ಖಾಲಿ ಬಟ್ಟಲು ಹಿಡಿದ ಕೈ ಚಾಚುತ್ತಾರೆ.

"ಇನ್ನೊಂಚೂರು ಹಾಕಕ್ಕ."