ಅಮ್ಮನ ಮೇಲೆ ಕೇಸು ಹಾಕಿಸಿದ್ದು ಅಮ್ಮನೇ

ಅಮ್ಮ ವಾಹನ ಓಡಿಸಲು ಕಲಿತದ್ದು ಶಿರಂಗಾಲದ ತವರುಮನೆಯಲ್ಲಿ, ಅದೂ ಟ್ರ್ಯಾಕ್ಟರಿನ ಮೇಲೆ. ಮದುವೆಯಾಗಿ ಗೋಣಿಕೊಪ್ಪಲಿನ ಹತ್ತಿರದ ಎಸ್ಟೇಟಿಗೆ ಬಂದಾಗ, ಅಲ್ಲಿ ಲೆಕ್ಕಪತ್ರ ನೋಡುವ ರೈಟರಾಗಿದ್ದ ಅಪ್ಪನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಜೀಪೊಂದು ಮನೆಗೆ ಬಂದ ದಿನವೇ ಅದರ ಸ್ಟೇರಿಂಗು ಅಮ್ಮನ ಪಾಲಾಯಿತು. ಅಪ್ಪ ಪಕ್ಕದಲ್ಲಿ ಕೂತು, ತಿರುವು ಬಂದಾಗಲೆಲ್ಲ ಬ್ರೇಕು ತಮ್ಮ ಕಾಲಡಿಯಲ್ಲೇ ಇದೆಯೇನೋ ಎಂಬಂತೆ ಒತ್ತುತ್ತಿದ್ದರು.

ಆ ಜೀಪಿನ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಡೀಸೆಲ್ಲು, ಒದ್ದೆ ಟಾರ್ಪಾಲು, ಒಣಗಿದ ಕಾಫಿ ಸಿಪ್ಪೆ, ಸಂತೆಯ ಒಣಮೀನು. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಅಮ್ಮ ಹತ್ತಿಸಿಕೊಳ್ಳುತ್ತಿದ್ದಳು. ಎಸ್ಟೇಟಿನ ಕೂಲಿ ಲೈನಿನ ಹೆಂಗಸರು, ಆಸ್ಪತ್ರೆಗೆ ಹೊರಟ ಮುದುಕರು, ಬಸ್ಸು ತಪ್ಪಿಸಿಕೊಂಡ ಟೀಚರು. ಹಿಂದಿನ ಸೀಟಿನಲ್ಲಿ ಕೊಡವ ತಕ್ಕ್, ತಮಿಳು, ಮಲಯಾಳ, ನಮ್ಮ ಕನ್ನಡ ಎಲ್ಲ ಒಟ್ಟಿಗೆ ಕುಲುಕಾಡುತ್ತಿದ್ದವು. ಕಾಲೇಜಿಗೆ ಹೋಗುತ್ತಿದ್ದ ನನಗೆ ಆ ಗಲಾಟೆಯಲ್ಲಿ ಒಮ್ಮೆಯೂ ಕಿಟಕಿ ಪಕ್ಕದ ಜಾಗ ಸಿಕ್ಕಿದ್ದಿಲ್ಲ.

ವರ್ಷಕ್ಕೊಮ್ಮೆ ವಿಮೆಯ ಏಜೆಂಟರು ಮನೆಗೆ ಬರುತ್ತಿದ್ದರು. ಪೇಟೆಯಲ್ಲಿ ಕರಿಮೆಣಸಿನ ವ್ಯಾಪಾರ ಮಾಡುತ್ತಲೇ ಈ ಕೆಲಸವನ್ನೂ ಇಟ್ಟುಕೊಂಡಿದ್ದ ಒಳ್ಳೆಯ ಮನುಷ್ಯ. ಒಂದು ವರ್ಷ ಕಾಫಿ ಕುಡಿಯುತ್ತಾ ಅಮ್ಮನಿಗೆ ಹೇಳಿದರು:

"ಅಕ್ಕಾ, ಜೀಪು ಹಳೇದಾಯ್ತಲ್ಲ, ಇನ್ನು ಥರ್ಡ್ ಪಾರ್ಟಿ ಒಂದೇ ಸಾಕು. ಸುಮ್ನೆ ಜಾಸ್ತಿ ಯಾಕೆ ಕಟ್ತೀರಿ?"

"ಥರ್ಡ್ ಪಾರ್ಟಿ ಅಂದ್ರೆ ಯಾರಪ್ಪ?"

"ಮೊದಲ್ನೇದು ನೀವು, ಎರಡನೇದು ಕಂಪೆನಿ. ನಿಮ್ಮ ಜೀಪು ರೋಡಲ್ಲಿ ಯಾರಿಗಾದ್ರೂ ಗುದ್ದಿದ್ರೆ ಅವರು ಮೂರನೆಯವರು. ಅವರಿಗೆ ಕಂಪೆನಿ ಕೊಡ್ತದೆ."

"ಮತ್ತೆ ನನ್ ಜೊತೆ ಒಳಗೆ ಕೂತಿರ್ತಾರಲ್ಲ, ಅವ್ರು?"

ಏಜೆಂಟರು ಲೋಟ ಕೆಳಗಿಟ್ಟರು. "ಅವರು ಅದ್ರಲ್ಲಿ ಬರಲ್ಲಕ್ಕ. ಅವರಿಗೂ ಆಗ್ಬೇಕಂದ್ರೆ ಫುಲ್ ಇನ್ಶೂರೆನ್ಸೇ ಮಾಡಿಸ್ಬೇಕು."

"ಇದೊಳ್ಳೆ ಕತೆ ಆಯ್ತಲ್ಲ! ರೋಡಲ್ಲಿ ಹೋಗೋರಿಗೆ ಉಂಟು, ನಾನೇ ಕರ್ದು ಕೂರಿಸ್ಕೊಂಡೋರಿಗೆ ಇಲ್ವಾ? ಫುಲ್ಲೇ ಮಾಡಪ್ಪ."

ಅಪ್ಪನಿಗೆ ಇದು ದುಂದು ಅನ್ನಿಸಿತು. "ಇಷ್ಟು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ. ಹಳೇ ಜೀಪಿಗೆ ಇಷ್ಟೆಲ್ಲ ಯಾಕೆ?" ಅಂದರು.

"ಜೀಪಿಗಲ್ಲ ಕಣ್ರೀ, ಜನಕ್ಕೆ," ಅಂದಳು ಅಮ್ಮ. ಮಾತು ಅಲ್ಲಿಗೇ ಮುಗಿಯಿತು.

ಜೀಪಿಗೆ ಹತ್ತುತ್ತಿದ್ದವರಲ್ಲಿ ಅಮ್ಮನಿಗೆ ತೀರಾ ಹತ್ತಿರದವರೆಂದರೆ ಟೈಲರ್ ಚೇಚಿ; ಮಲಯಾಳದಲ್ಲಿ ಚೇಚಿ ಅಂದರೆ ಅಕ್ಕ. ಕೇರಳದ ಗಡಿಯ ಮಾಕುಟ್ಟದ ಕಡೆಯಿಂದ ಬಂದು ಗೋಣಿಕೊಪ್ಪಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಒಂಟಿ ಹೆಂಗಸು. ಅಮ್ಮನಿಗಿಂತ ಚಿಕ್ಕವರು. ಅಮ್ಮನನ್ನು ಅವರೂ ಚೇಚಿ ಎಂದೇ ಕರೆಯುತ್ತಿದ್ದರು. ಕಾಲಿನಲ್ಲಿ ತುಳಿಯುವ ಮೆಷಿನ್ನು. ಅದು ಟಕಟಕ ಓಡುತ್ತಿದ್ದರೆ ಅಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹಾಕಿಕೊಡುತ್ತಾ ಗಂಟೆಗಟ್ಟಲೆ ಹರಟುತ್ತಿದ್ದಳು.

ಫುಲ್ ಇನ್ಶೂರೆನ್ಸ್ ಮಾಡಿಸಿದ ಆ ವರ್ಷವೇ ಚೇಚಿಯ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಹೊಲಿದ ಬ್ಲೌಸುಗಳ ಗಂಟು ಕಟ್ಟಿಕೊಂಡು ಚೇಚಿ ಊರಿಗೆ ಹೊರಟರು. ಬಸ್ಸಿನಲ್ಲಿ ಇಸ್ತ್ರಿ ಹಾಳಾಗುತ್ತದೆಂದು ಅಮ್ಮ ಜೀಪು ತೆಗೆದಳು. ಮಾಕುಟ್ಟದ ಘಾಟಿಯಲ್ಲಿ ಮಂಜು. ಒಂದು ತಿರುವಿನಲ್ಲಿ ಹಿಂದಿನ ಸೀಟಿನಿಂದ ಗಂಟು ಜಾರಿತು. ಅಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಅಷ್ಟರಲ್ಲಿ ಜೀಪು ಚರಂಡಿಗಿಳಿದು ಗುಡ್ಡಕ್ಕೆ ಗುದ್ದಿತ್ತು. ಅಮ್ಮನ ಹಣೆ ಒಡೆಯಿತು. ಚೇಚಿಯ ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಹಿಂದೆ ಬಂದ ಲಾರಿಯವರು ಇಬ್ಬರನ್ನೂ ಎತ್ತಿ ಆಸ್ಪತ್ರೆಗೆ ಸೇರಿಸಿದರು.

ಸುದ್ದಿ ಕೇಳಿ ಬಂದವರೆಲ್ಲ ಅಮ್ಮನ ಕಿವಿಯಲ್ಲಿ ಒಂದೇ ಮಾತು ಹೇಳಿದರು. ಆನೆ ಅಡ್ಡ ಬಂತು ಅನ್ನಿ. ಮಾಕುಟ್ಟದ ಕಾಡಿನಲ್ಲಿ ಆನೆ ಅಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅಮ್ಮ ಅವತ್ತು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಊರಿನಲ್ಲಿ ಜೀಪು ಓಡಿಸುವ ಹೆಂಗಸರು ಬೆರಳೆಣಿಕೆಯವರು. ತನ್ನ ಡ್ರೈವಿಂಗಿನ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆಯಿತ್ತೆಂದು ನನಗೆ ಗೊತ್ತಿತ್ತು.

ಏಜೆಂಟರು ಕರೆತಂದ ವಕೀಲರು ವಿಷಯ ಬಿಡಿಸಿ ಹೇಳಿದರು. ಕಾಲು ಮುರಿದುಕೊಂಡವರು ಪರಿಹಾರಕ್ಕೆ ಕೇಸು ಹಾಕಬೇಕು, ಜೀಪಿನ ಒಡತಿಯಾದ ಅಮ್ಮನ ಮೇಲೂ ಕಂಪೆನಿಯ ಮೇಲೂ. ಓಡಿಸಿದವರ ತಪ್ಪಿನಿಂದಲೇ ಹೀಗಾಯಿತೆಂದು ಕೋರ್ಟಿಗೆ ಮನವರಿಕೆಯಾದರೆ ಕಂಪೆನಿ ಕೊಡಲೇಬೇಕು. ಆನೆಯ ಮೇಲೆ ಹಾಕಿದರೆ ಕೇಸು ಬಿದ್ದುಹೋಗಬಹುದು.

ಅಮ್ಮ ಪೊಲೀಸರ ಮುಂದೆ ಹೋಗಿ, ತಾನು ಹಿಂದೆ ತಿರುಗಿದ್ದರಿಂದಲೇ ಆದದ್ದೆಂದು ಬರೆಸಿದಳು. ದಂಡವನ್ನೂ ಕಟ್ಟಿದಳು. ಕಷ್ಟವಾದದ್ದು ಚೇಚಿಯನ್ನು ಒಪ್ಪಿಸುವುದು.

"ಅಯ್ಯೋ ದೈವಮೇ! ನಿಮ್ಮ ಮೇಲೆ ನಾನು ಕೇಸ್ ಹಾಕೋದಾ? ನನ್ನಿಂದ ಆಗಲ್ಲ ಚೇಚಿ. ಜನ ಎಂತ ಹೇಳ್ತಾರೆ?"

"ಜನ ಬಂದು ನಿನ್ ಮೆಷಿನ್ ತುಳೀತಾರಾ? ಈ ಕಾಲಲ್ಲಿ ನಾಳೆ ಏನ್ಮಾಡ್ತೀಯಾ? ಇಂಥದಕ್ಕೇ ಅಂತ ತಾನೆ ನಾನು ಇನ್ಶೂರೆನ್ಸ್ ಕಟ್ಟಿರೋದು. ನೀನು ಹಾಕ್ಲಿಲ್ಲಾಂದ್ರೆ ಇನ್ಮೇಲೆ ನಿನ್ ಹತ್ರ ಬ್ಲೌಸ್ ಹೊಲಿಸಲ್ಲ, ನೋಡು."

ಚೇಚಿ ಅತ್ತರು, ಕೊನೆಗೆ ನಕ್ಕರು, ಸಹಿ ಹಾಕಿದರು.

ಆಮೇಲಿನದ್ದು ನನ್ನ ಬದುಕಿನ ಅತಿ ಇಷ್ಟದ ನೆನಪು. ವಿರಾಜಪೇಟೆಯ ಕೋರ್ಟಿಗೆ ವಾದಿ, ಪ್ರತಿವಾದಿ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗುತ್ತಿದ್ದರು. ಊರುಗೋಲು ಅಮ್ಮನ ಕೈಯಲ್ಲಿ, ಬುತ್ತಿ ಚೇಚಿಯ ಮಡಿಲಲ್ಲಿ. ಕೋರ್ಟಿನ ಮರದ ಕೆಳಗೆ ಪುಟ್ಟು, ಕಡಲೆಕರಿ ಹಂಚಿಕೊಂಡು ತಿನ್ನುತ್ತಾ ತಮ್ಮ ಕೇಸಿನ ಸರದಿ ಕಾಯುವರು. ರಜೆಯಿದ್ದಾಗ ನಾನೂ ಹೋಗುತ್ತಿದ್ದೆ.

ಅಮ್ಮ ಸಾಕ್ಷಿ ಹೇಳುವ ದಿನ ಕಂಪೆನಿಯ ವಕೀಲರು ಕೇಳಿದರು: "ಇವರು ನಿಮ್ಮ ಸ್ನೇಹಿತೆ. ದುಡ್ಡು ಸಿಗಲಿ ಅಂತ ತಪ್ಪು ಒಪ್ಕೊಳ್ತಿದ್ದೀರಿ, ಅಲ್ವಾ?"

"ಸ್ನೇಹಿತೆ ಹೌದು ಸ್ವಾಮಿ. ಅದಕ್ಕೇ ನನ್ ಜೀಪಲ್ಲಿದ್ಲು," ಅಂದಳು ಅಮ್ಮ. "ಘಾಟಿಯಲ್ಲಿ ರೋಡ್ ಬಿಟ್ಟು ಹಿಂದೆ ತಿರುಗಿ ನೋಡಿದೋಳು ನಾನೇ. ಇದನ್ನ ಎಲ್ಲರೆದುರು ಹೇಳೋಕೆ ನನಗೇನು ಖುಷಿನಾ?" ಅಮ್ಮ ಹಾಗೆ ತಲೆ ತಗ್ಗಿಸಿ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕೆಳಗೆ ಬೆಂಚಿನಲ್ಲಿ ಚೇಚಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ತೀರ್ಪು ತಡವಾಗಿ ಬಂತು, ಆದರೆ ಚೇಚಿಯ ಪರವಾಗಿ ಬಂತು. ಕಂಪೆನಿ ಹಣ ಕಟ್ಟಿತು. ಕಾಲು ಕೂಡಿಕೊಂಡರೂ ಮೊದಲಿನಂತಾಗಲಿಲ್ಲ. ಚೇಚಿ ಆ ದುಡ್ಡಿನಲ್ಲಿ ಕರೆಂಟಿನ ಮೆಷಿನ್ನು ತಂದರು, ಕೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡರು. ಅಪ್ಪ ವಿಮೆಯ ಮಾತಿಗೆ ಮತ್ತೆ ಅಡ್ಡ ಬರಲಿಲ್ಲ.

ಈಗ ಅಪ್ಪನೂ ಇಲ್ಲ, ಆ ಜೀಪೂ ಇಲ್ಲ. ಕಣ್ಣು ಮಂಜಾಗಿ ಅಮ್ಮ ಓಡಿಸುವುದನ್ನು ಬಿಟ್ಟಿದ್ದಾಳೆ. ಮೊನ್ನೆ ನನ್ನ ಕಾರಿನ ವಿಮೆ ಮಾಡಿಸಲು ಫೋನು ಹಿಡಿದು ಕೂತಿದ್ದೆ. ಬೇರೆಯವರ ಆಸ್ತಿಗೆ ಆಗುವ ಹಾನಿಯ ಮಿತಿ ಇಳಿಸಿದರೆ ಕಂತು ಸ್ವಲ್ಪ ಇಳಿಯುತ್ತದೆ ಎಂದು ಅದರಲ್ಲಿ ತೋರಿಸುತ್ತಿತ್ತು. ಇಳಿಸಲಿಲ್ಲ. ಸಂಬಳದ ಡ್ರೈವರನ್ನು ಇಟ್ಟುಕೊಂಡರೆ ಅವನನ್ನೂ ವಿಮೆಗೆ ಸೇರಿಸಬೇಕು ಎಂದಿತ್ತು. ವಾರಕ್ಕೆರಡು ದಿನ ಒಬ್ಬ ಬರುತ್ತಾನೆ, ಸೇರಿಸಿದೆ. ಕಂತು ತುಂಬಿ ಮುಗಿಸುವಷ್ಟರಲ್ಲಿ ಚೇಚಿಯ ಫೋನು ಬಂತು. ಭಾನುವಾರ ಸಂತೆಗೆ ಅಮ್ಮನನ್ನೂ ಕರೆದುಕೊಂಡು ಬರಬೇಕಂತೆ, ಹೊಸ ಬ್ಲೌಸಿಗೆ ಅಳತೆ ತೆಗೆಯಬೇಕಂತೆ.