ಬೀಮ್ ಮೇಲೆ ನಡೆಯೋ ಕೆಲಸ

ಪಾರ್ಕಲ್ಲಿ ಎಲ್ಲರೂ ಅವನನ್ನ ಹಲ್ಲಿ ಅಂತಲೇ ಕರೀತಿದ್ದಿದ್ದು. ಕೆಲಸಾನೂ ಹಂಗೇ ಇತ್ತು ಬಿಡಿ. ಬೆಳಿಗ್ಗೆ ಗೇಟು ತೆಗೆಯೋಕೆ ಮುಂಚೆ ಮೋನೋರೈಲಿನ ಬೀಮ್ ಹತ್ತಿ ಪೂರ್ತಿ ಒಂದು ಸುತ್ತು ನಡೀಬೇಕು. ಮರದೆತ್ತರದ ಕಂಬಗಳು, ಮೇಲೆ ಒಂದೇ ಒಂದು ಕಾಂಕ್ರೀಟ್ ಬೀಮು, ರೈಲಿಗೆ ಹಳಿ ಅಂದ್ರೆ ಅದೇ, ಅಗಲ ಅಂದ್ರೆ ಒಂದು ಬೆಂಚಿನಷ್ಟು. ಪಾರ್ಕು ಶುರುವಾದಾಗ, ಇದೇ ರೈಲು ಮುಂದೆ ಊರೆಲ್ಲ ಓಡುತ್ತೆ ಅಂತ ದೊಡ್ಡೋರು ಭಾಷಣ ಬಿಗಿದಿದ್ರಂತೆ. ಊರೊಳಗೆ ಒಂದು ಕಂಬಾನೂ ಏಳಲಿಲ್ಲ. ಗೊಂಬೆಮನೆ, ಜಾರುಬಂಡೆ ಸುತ್ತಿ ಸುತ್ತಿ ರೈಲಿಗೇ ವಯಸ್ಸಾಯ್ತು. ಬಿಸಿಲಿಗೆ ಬೀಮು ಹಿಗ್ಗಿ, ತಂಪಿಗೆ ಕುಗ್ಗಿ, ಜೋಡಣೆ ಮೇಲಿನ ಕಬ್ಬಿಣದ ಪ್ಲೇಟಿನ ಬೋಲ್ಟು ಸಡಿಲ ಆಗ್ತವೆ. ರೈಲಿಗಿರೋದು ರಬ್ಬರ್ ಟೈರು. ಪ್ಲೇಟು ಎದ್ದರೆ ಟೈರು ಸೀಳಿದಂಗೇ. ಆ ಬೋಲ್ಟು ನೋಡೋದೇ ಹಲ್ಲಿ ಕೆಲಸ.

ಆ ವರ್ಷ ಅವನ ಕಿವಿಯಲ್ಲಿ ಏನೋ ಗುಂಯ್ ಅನ್ನೋಕೆ ಶುರುವಾಯ್ತು, ಹಿಂದೇನೇ ತಲೆಸುತ್ತು. ಒಂದಿನ ನಡುದಾರೀಲಿ ಲೋಕವೇ ತಿರುಗಿ, ಬೀಮನ್ನ ತಬ್ಬಿಕೊಂಡು ಬೆವರಿಬಿಟ್ಟ. ಹೇಳಿದ್ರೆ ಕೆಲಸ ಹೋಗುತ್ತೆ, ಕ್ವಾರ್ಟರ್ಸ್ ಮನೇನೂ ಹೋಗುತ್ತೆ. ಹೆಂಡತಿ ಹತ್ರಾನೂ ಬಾಯಿಬಿಡಲಿಲ್ಲ. ಹೇಳಿದ್ದು ರೈಲು ಓಡಿಸೋ ಭಾಮೈದನಿಗೆ ಮಾತ್ರ.

"ಏನ್ ಭಾವ, ಹಲ್ಲಿಗೇ ತಲೆಸುತ್ತಾ? ನಿಮ್ಮ ಕುಲಕ್ಕೇ ಅವಮಾನ."

"ನಗಬೇಡ್ವೋ, ಜೀವ ಬಾಯಿಗೆ ಬಂದಿದೆ."

"ನನ್ನ ಪಕ್ಕ ಕೂತ್ಕೊಳ್ಳಿ. ಖಾಲಿ ರೈಲು ಮೆಲ್ಲಗೆ ಬಿಡ್ತೀನಿ, ಗಾಜಿಂದ ನೋಡಿಬಿಡಿ. ಅಕ್ಕಂಗೆ ಹೇಳಲ್ಲ."

ಕೂತು ನೋಡಿದ್ರೆ ಪ್ಲೇಟು ಕಾಣುತ್ತೆ, ಬೋಲ್ಟು ಕಾಣಲ್ಲ. ಇಬ್ಬರಿಗೂ ಗೊತ್ತಿತ್ತು. ನಾಳೆ ನಡೆದರಾಯ್ತು ಅಂತ ದಿನ ತಳ್ಳಿದ್ರು.

ಒಂದು ಮಧ್ಯಾಹ್ನ ತಿರುವಿನಲ್ಲಿ ಪ್ಲೇಟು ಎದ್ದುಬಿಡ್ತು. ಟೈರು ಸೀಳಿ, ಉಜ್ಜಿ, ಹೊತ್ತಿಕೊಳ್ತು. ಭಾಮೈದ ಜನಾನೆಲ್ಲ ಹಿಂದಿನ ಬೋಗಿಗೆ ದಬ್ಬಿದ. ಹೊಗೆ ಅವರ ಕಡೆ ನುಗ್ಗದಂಗೆ, ಏಣಿ ಬರೋವರೆಗೂ ನಡುವಿನ ಬಾಗಿಲನ್ನ ಬೆಂಕಿ ಇದ್ದ ಕಡೆಯಿಂದ ತಾನೇ ಒತ್ತಿ ಹಿಡಿದ. ಅವರೆಲ್ಲ ಇಳಿದ್ರು. ಅವನನ್ನ ಹೊತ್ತು ಇಳಿಸಬೇಕಾಯ್ತು. ಹಲ್ಲಿ ಕೆಳಗೆ ಏಣಿ ಹಿಡಿದೋನು ಹಿಡಿದಂಗೇ ನಿಂತಿದ್ದ, ಹತ್ತಲಿಲ್ಲ.

ಆಸ್ಪತ್ರೆಗೆ ವಿಚಾರಣೆಯೋರು ಬಂದ್ರು. ಭಾಮೈದ ಉಸಿರು ಎಳೆದು ಎಳೆದು, "ಭಾವ ನಡೆದೇ ನೋಡಿದ್ರು. ನಾನೇ ಜೋರಾಗಿ ಬಿಟ್ಟೆ" ಅಂದ. ಅವರು ಹೋದಮೇಲೆ ಅಕ್ಕನ ಕೈ ಹಿಡಿದು ನಿಜ ಹೇಳಿದ. ಮಾರನೇ ದಿನ ಹೋಗಿಬಿಟ್ಟ.

ತಪ್ಪೆಲ್ಲ ಸತ್ತೋನ ತಲೆಗೆ ಬಂತು. ಹಲ್ಲಿ ಕೆಲಸ ಉಳೀತು. ಬೀಮು ರಿಪೇರಿಯಾಗಿ ಮತ್ತೆ ರೈಲು ಬಿಡೋ ದಿನ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ, ಬೀಮ್ ಹತ್ತುವಾಗ ಕಟ್ಟೋ ಸೊಂಟದ ಬೆಲ್ಟು ತಂದು ಹಾಸಿಗೆ ಮೇಲೆ ಎಸೆದ್ಲು.

"ಮೈ ಹುಷಾರಿಲ್ಲ ಕಣೇ."

"ಗೊತ್ತು, ತಲೆಸುತ್ತು. ಅವನು ಹೇಳಿದ."

ಅವನು ಎದ್ದು ಕೂತ. ಆಮೇಲೆ, "ಬಾಯಿಬಿಟ್ರೆ ಮನೆ ಹೋಗುತ್ತೆ" ಅಂದ.

"ಹೋಗ್ಲಿ. ಸತ್ತಮೇಲೂ ನನ್ನ ತಮ್ಮನೇ ಹೊರಬೇಕಾ ನಿಮ್ಮನ್ನ?"

ಸ್ಟೇಷನ್ನಲ್ಲಿ ಹೊಸ ಡ್ರೈವರ್, ಇನ್ನೂ ಮೀಸೆ ಚಿಗುರದೋನು, ಪಕ್ಕದ ಸೀಟು ತಟ್ಟಿ, "ಬನ್ನಿ ಅಣ್ಣ, ಕೂತ್ಕೊಂಡೇ ನೋಡ್ಕೊಂಡು ಹೋಗೋಣ" ಅಂದ. ಭಾವ-ಭಾಮೈದ ಹಂಗೆ ಹೋಗೋದನ್ನ ಕಂಡಿದ್ದ ಯಾರೋ, ಇದೇ ರೂಢಿ ಅಂತ ಅವನಿಗೆ ಹೇಳಿದ್ರಂತೆ. ಹಲ್ಲಿ ಆ ಸೀಟನ್ನೇ ನೋಡ್ತಾ ನಿಂತ. ಆಮೇಲೆ ತಿರುಗಿ ಸೀದಾ ಆಫೀಸಿಗೆ ಹೋಗಿ ಎಲ್ಲಾ ಹೇಳಿಬಿಟ್ಟ.

ಮನೆ ಖಾಲಿ ಮಾಡೋ ದಿನ ಹೆಂಡತಿ ಸಾಮಾನೆಲ್ಲ ಎರಡು ಪಾಲು ಮಾಡಿದ್ಲು. ತನ್ನದನ್ನ ಆಟೋಗೆ ಹೇರಿಸಿ ತವರಿಗೆ ಹೊರಟ್ಲು. ಅವನನ್ನ ಬನ್ನಿ ಅನ್ನಲಿಲ್ಲ.