ಚೌಡವ್ವನ ಒಂದು ಚರಿಗೆ ನೀರು

ಸಂತೆಕೊಪ್ಪದ ಬಸ್ ನಿಲ್ದಾಣದಲ್ಲಿ ಚೌಡವ್ವ ಬೆಳಗಿನ ಜಾವ ಒಂದು ಚರಿಗೆ ನೀರು ಚಿಮ್ಮಿಸಿದರೆ ಸಾಕು, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕುಗಳಲ್ಲಿ ಹೊತ್ತಿದ ಬೀಡಿಗಳೆಲ್ಲ ಒಂದೇ ಏಟಿಗೆ ಆರಿಹೋಗುತ್ತವೆ. ಸವಣೂರಿನಲ್ಲಿ ತುಟಿಗಿಟ್ಟ ಸಿಗರೇಟು ತುಟಿಯಲ್ಲೇ ತಣ್ಣಗಾಗುತ್ತದೆ. ಹಿರೇಕೆರೂರಿನಲ್ಲಿ ಮೆಕ್ಕೆಜೋಳದ ರಾಶಿಗೆ ಒರಗಿದ ಹಮಾಲರು ಕಡ್ಡಿ ಗೀರಿ ಗೀರಿ ಪೆಟ್ಟಿಗೆ ಬರಿದು ಮಾಡಿ ಕೈಚೆಲ್ಲುತ್ತಾರೆ. ಗೊಟಗೋಡಿಯ ಶಿಲ್ಪವನದಲ್ಲಿ ಕಟ್ಟೆಯ ಮೇಲೆ ಕೂತ ಸಿಮೆಂಟಿನ ಮುದುಕ ಕೂಡ ತನ್ನ ಸಿಮೆಂಟಿನ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. ನಂಬದವರು ನಾಳೆಯೇ ಹೋಗಿ ನೋಡಬಹುದು.

ಹಾವೇರಿಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ನಿಲ್ದಾಣದ ಅಂಗಳದಲ್ಲಿ ನಸುಕು ಹರಿಯುತ್ತಿದೆ. ಸೀರೆಯ ಮೇಲೆ ಬಣ್ಣಗೆಟ್ಟ ಕಿತ್ತಳೆ ಜಾಕೀಟು ತೊಟ್ಟು, ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಚರಿಗೆ ಹಿಡಿದು ಚೌಡವ್ವ ಒಳಬರುತ್ತಾರೆ. ಕಸಬರಿಗೆ ಕಂಕುಳಲ್ಲಿದೆ. ಐವತ್ತು ದಾಟಿದ ತೆಳ್ಳನೆಯ ಹೆಂಗಸು. ಹತ್ತು ಹೆಜ್ಜೆಗೊಮ್ಮೆ ಕೆಮ್ಮು. ಸವಣೂರಿಗೆ ಎಲೆ ಬುಟ್ಟಿ ಒಯ್ಯುವ ಒಬ್ಬಾತ ಕಂಬಕ್ಕೆ ಆತು ಬೀಡಿ ಹಚ್ಚಿಕೊಂಡಿದ್ದಾನೆ. ಚೌಡವ್ವ ಅವನ ಮುಖ ನೋಡುವುದಿಲ್ಲ, ಬೀಡಿಯನ್ನೂ ನೋಡುವುದಿಲ್ಲ. ಅವನ ಕಾಲಿನ ಸುತ್ತ ಅರ್ಧಚಂದ್ರದ ಹಾಗೆ ನೀರಿನ ಚಳೆ ಹೊಡೆಯುತ್ತಾರೆ, ಮನೆಯಂಗಳಕ್ಕೆ ಹೊಡೆದಂತೆ.

“ಏನವಾ, ನನ್ನನ್ನೂ ಸಾರಸ್ತೀಯೇನ?” ಎಂದು ಅವನು ಕಾಲೆತ್ತುತ್ತಾನೆ.

“ನಿನ್ನ ಅಲ್ಲೋ ಅಣ್ಣಾ, ನೆಲ. ನಡುವ ನೀ ನಿಂತೀದಿ.”

ಅವನು ಬೈಯುತ್ತ, ಬೀಡಿ ಜೋಪಾನ ಮಾಡಿಕೊಳ್ಳುತ್ತ ರಸ್ತೆಯ ಕಡೆ ಸರಿಯುತ್ತಾನೆ. ಚೌಡವ್ವ ಕಸಬರಿಗೆ ಕೆಳಗಿಳಿಸುತ್ತಾರೆ.

ಬಾಯಿಬಿಟ್ಟು ಹೇಳಬಾರದೇ ಎಂದರೆ ಅವರ ಉತ್ತರ ಸಿದ್ಧವಾಗಿದೆ. “ನಾವು ಕೆಳಗಿನ ಓಣಿಯವ್ರ ರೀ. ಬೀಡಿ ಆರಸ್ರಿ ಅಂತ ನಾ ಅಂದ್ರ, ‘ನಿಂದೇನ ಬೇ ನನಗ ಹೇಳೂದು’ ಅಂತಾರ. ನೀರ ಹೊಡದ್ರ ಯಾರೂ ಏನೂ ಅನ್ನಂಗಿಲ್ಲ. ನೀರ ಹೊಡದ ಗುಡಸೂದು ನಂದ ಕೆಲಸ ಐತಲ್ಲ.”

ಬಸ್ ನಿಲ್ದಾಣ, ಸಂತೆ ಬಯಲು, ಕೆರೆಯ ಏರಿ, ಈ ಮೂರೂ ಕಡೆ, ತೆರೆದ ಜಾಗದಲ್ಲೂ ಬೀಡಿ ಸಿಗರೇಟು ಸೇದಬಾರದೆಂಬ ನಿಯಮ ಸಂತೆಕೊಪ್ಪಕ್ಕೆ ಬಂದದ್ದು ಹೋದ ವರ್ಷ. ನಿಯಮ ಬಂದ ದಿನ ಊರಿನಲ್ಲಿ ನಡೆದ ಮೆರವಣಿಗೆಯ ತಲೆ ಅಕ್ಕಿಆಲೂರಿನಲ್ಲಿದ್ದರೆ ಬಾಲ ಹಾನಗಲ್ಲಿನಲ್ಲಿತ್ತು. ನಿಲ್ದಾಣದ ಅರಳಿಕಟ್ಟೆಯ ಪಕ್ಕ ತಗಡಿನ ಫಲಕ ನೆಟ್ಟರು: ‘ಧೂಮಪಾನ ನಿಷೇಧಿಸಲಾಗಿದೆ. ತಪ್ಪಿದಲ್ಲಿ ದಂಡ.’ ಆ ಫಲಕದ ಕೆಳಗಿನ ಅರ್ಧ ಈಗ ಸಿಡುಬೆದ್ದ ಮುಖದಂತಿದೆ. ಬಸ್ಸು ಬಂತೆಂದು ಅವಸರದಲ್ಲಿ ಬೀಡಿ ಆರಿಸುವವರು ಅದರ ಮೇಲೇ ಒತ್ತಿ ಆರಿಸುತ್ತಾರೆ. ಆ ಮಟ್ಟಿಗೆ ಫಲಕ ಉಪಯೋಗಕ್ಕೆ ಬಂದಿದೆ.

ನಿಯಮ ಜಾರಿಗೆ ತರುವವರು ಯಾರು ಎಂಬ ಪ್ರಶ್ನೆ ಮೇಲಿನಿಂದ ಒಬ್ಬೊಬ್ಬರ ಹೆಗಲು ದಾಟಿ ಕೆಳಗಿಳಿದು, ಕೊನೆಗೆ ನಿಂತದ್ದು ನಿಲ್ದಾಣ ಗುಡಿಸುವ ಚೌಡವ್ವನ ಹೆಗಲಿನ ಮೇಲೆ. ಅಲ್ಲಿಂದ ಕೆಳಗೆ ನೆಲ ಮಾತ್ರ. ಗುತ್ತಿಗೆದಾರರ ಕಡೆಯ ಮೇಲ್ವಿಚಾರಕ ರುದ್ರೇಶ ಕಿತ್ತಳೆ ಜಾಕೀಟು ಮತ್ತು ಒಂದು ಸೀಟಿ ತಂದುಕೊಟ್ಟರು. “ಯಾರರೆ ಸೇದಿದ್ರ ಜೋರ ಊದು. ತಪಾಸಣಿಗೆ ಬಂದಾಗ ಒಂದ ತುಂಡ ಸಿಕ್ರ ನಿನ್ನ ಕೆಲಸ ಹೋತು ಅಂತ ತಿಳ್ಕೊ” ಎಂದರು. ಗುತ್ತಿಗೆ ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಹೆಸರು ಬರೆಯುವವರೂ ಹೊಡೆದುಹಾಕುವವರೂ ರುದ್ರೇಶರೇ.

ಸೀಟಿಯ ಆಯುಷ್ಯ ಒಂದು ಸಂತೆಯ ದಿನ. ಹಿರೇಕೆರೂರಿನ ಬಸ್ಸು ನಿಂತಿದೆ, ಕಂಡಕ್ಟರ್ ಚಹಾ ಕುಡಿಯಲು ಇಳಿದಿದ್ದಾನೆ, ಸಂತೆಯ ಮಂದಿ ಚೀಲ ಹೊತ್ತು ಬಾಗಿಲಿಗೆ ಮುಗಿಬಿದ್ದಿದ್ದಾರೆ. ಆಚೆ ಯಾರೋ ಬೀಡಿ ಹಚ್ಚಿದ. ಚೌಡವ್ವ ಉಸಿರು ಕಟ್ಟಿ ಊದಿದರು. ಸೀಟಿ ಕೇಳಿದ್ದೇ ತಡ, ಚಾಲಕ ಗೇರು ಹಾಕಿ ಹೊರಟೇಬಿಟ್ಟ. ಕಂಡಕ್ಟರ್ ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಟಿಕೇಟು ಯಂತ್ರ ಹಿಡಿದು ಬಸ್ಸಿನ ಹಿಂದೆ ಓಡಿದ, ಸರಿಸುಮಾರು ಗೋವಾದವರೆಗೆ. ಬೀಡಿ ಹಚ್ಚಿದವನು ಹೊಟ್ಟೆ ಹಿಡಿದು ನಗುತ್ತ ಪೂರ್ತಿ ಸೇದಿ ಮುಗಿಸಿದ. ಸಂಜೆಯೇ ರುದ್ರೇಶ ಸೀಟಿ ವಾಪಸು ಇಸಿದುಕೊಂಡರು. ಚೌಡವ್ವನಿಗೆ ಉಳಿದದ್ದು ಚರಿಗೆ.

ಹೊಗೆ ಅವರಿಗೆ ಹೊಸದಲ್ಲ. ಗಂಡ ಭರಮಪ್ಪ ಮೆಕ್ಕೆಜೋಳದ ಅಂಗಡಿಯಲ್ಲಿ ಹಮಾಲರಾಗಿದ್ದರು. ಮೂಟೆ ಇಳಿಸಿದಾಗೊಂದು ಬೀಡಿ, ಏರಿಸುವ ಮುಂಚೆ ಇನ್ನೊಂದು. “ದವಾಖಾನಿ ಪಾವಟಗಿ ಮ್ಯಾಲ ಕುಂತು ಸೇದಿದ್ರು ನೋಡ್ರಿ. ಡಾಕ್ಟರು ಒಳಗ ಕರದ್ರು, ‘ಎರಡ ಝುರಕಿ ಉಳದಾವ ತಡೀರಿ’ ಅಂದ್ರು. ಅವು ಎರಡ ಝುರಕಿ ಮುಗದ್ವು. ಅವರೂ ಮುಗದ್ರು” ಎನ್ನುವಾಗ ಚೌಡವ್ವನ ದನಿಯಲ್ಲಿ ಅಳುವಿಲ್ಲ, ಸಿಟ್ಟಿದೆ. ಅದೇ ಡಾಕ್ಟರು ಆಮೇಲೆ ಇವರ ಎದೆ ಪರೀಕ್ಷಿಸಿ, ನೀವು ಎಷ್ಟು ವರ್ಷದಿಂದ ಸೇದುತ್ತೀರಿ ಎಂದು ಕೇಳಿದರಂತೆ. ಜನ್ಮದಲ್ಲಿ ಒಂದು ಬೀಡಿ ಮುಟ್ಟದವರು ಚೌಡವ್ವ. ಗುಡಿಸುವಾಗ ಮಾತ್ರ ಮುಟ್ಟಿದ್ದಾರೆ, ಸೇದಿ ಬಿಸಾಕಿದ್ದನ್ನು.

ಚರಿಗೆಯ ನೀರು ಎಲ್ಲರ ಕಾಲಿನ ತನಕ ಹೋಗುತ್ತದೆ, ಒಬ್ಬರನ್ನು ಬಿಟ್ಟು. ಅರಳಿಕಟ್ಟೆ ನೆಲದಿಂದ ಎದೆಯೆತ್ತರ ಇದೆ. ಅದರ ಮೇಲೆ ದಿನಾ ಬೆಳಿಗ್ಗೆ ಊರಿನ ಒಬ್ಬ ಸಾಹುಕಾರರು ಪೇಪರು ಹರಡಿಕೊಂಡು ಕೂರುತ್ತಾರೆ. ಬೆರಳ ನಡುವೆ ಸಿಗರೇಟು, ಅದರ ಫಿಲ್ಟರಿನ ಬಳಿ ಬಂಗಾರದ ಬಣ್ಣದ ಉಂಗುರ. ಆ ಥರದ ಸಿಗರೇಟು ಸೇದುವವರು ಊರಿನಲ್ಲಿ ಅವರೊಬ್ಬರೇ. ಧೂಮಪಾನ ನಿಷೇಧ ಸಮಿತಿಯ ಅಧ್ಯಕ್ಷರೂ ಅವರೇ. ಫಲಕದ ಉದ್ಘಾಟನೆಗೆ ರಿಬ್ಬನ್ ಕತ್ತರಿಸಿದ ಕೈಯೂ ಅದೇ.

“ಪೇಪರಿನ್ಯಾಗ ಅವರ ಹೆಸರ ಹಾಕಬ್ಯಾಡ್ರಿ” ಎಂದು ಚೌಡವ್ವ ಕೈ ಮುಗಿಯುತ್ತಾರೆ.

“ಯಾಕ ಹಾಕ್ತಾರ? ಉಂಗುರ ಹಾಕ್ಯಾರಲ್ಲ, ಸಾಕು” ಎಂದು ಪಕ್ಕದ ಚಹಾದಂಗಡಿಯ ನೂರಜಹಾನ ಸ್ಟೋವಿನ ಹಿಂದಿನಿಂದ ಸೇರಿಸುತ್ತಾರೆ. ಚೌಡವ್ವನಿಗೆ ದಿನಾ ಮೊದಲ ಚಹಾ ಕೊಡುವ, ದಿನಾ ಮೊದಲ ಜಗಳವನ್ನೂ ಆಡುವ ಗೆಳತಿ ಇವರು.

ಕಟ್ಟೆಯ ಬುಡಕ್ಕೆ ಚಳೆ ಹೊಡೆದರೆ ಮೇಲಿನಿಂದ ಕೂಗು ಬರುತ್ತದೆ. “ಏ ಚೌಡಿ, ನನ್ನ ಚಪ್ಲಿಗೆ ಸ್ನಾನ ಮಾಡಸ್ತೀಯೇನ?”

“ಇಲ್ರಿ ಸಾವ್ಕಾರ್ರ, ಧೂಳ ಕುಂದರಸಾಕತ್ತೇನಿ.”

“ಧೂಳ ನನ್ನ ಬಾಯಾಗ ಐತೇನ?”

“ಬಾಯಾಗಿಂದು ಧೂಳ ಅಲ್ರಿ. ಅದಕ್ಕ ನನ್ನ ನೀರ ಮುಟ್ಟಂಗಿಲ್ಲ.”

ಸಾಹುಕಾರರು ನಗುತ್ತಾರೆ, ತುಂಡನ್ನು ಕೆಳಗೆ ಎಸೆಯುತ್ತಾರೆ. ಚೌಡವ್ವ ಬಾಗಿ ಎತ್ತಿಕೊಳ್ಳುತ್ತಾರೆ. ದಿನವೂ ನಡೆಯುವ ಆಟ ಇದು.

ಈ ಆಟಕ್ಕೆ ಸಾಕ್ಷಿ ಬಂದದ್ದು ಹೋದ ತಿಂಗಳು. ಬೀಡಿ ಸಿಗರೇಟಿನಿಂದ ಮುಕ್ತವಾದ ಊರುಗಳಿಗೆ ಬಹುಮಾನ ಕೊಡಲು ತಪಾಸಣೆಯ ತಂಡ ಜೀಪಿನಲ್ಲಿ ಬಂದಿಳಿಯಿತು. ಆ ದಿನ ಚೌಡವ್ವ ನಿಲ್ದಾಣವನ್ನು ಎಷ್ಟು ಸಲ ಗುಡಿಸಿದ್ದರೆಂದರೆ ನೆಲ ಒಂದು ಗೇಣು ಕೆಳಗಿಳಿದಿತ್ತು. ಸಾಹುಕಾರರು ಹೂಮಾಲೆ ಹಿಡಿದು ಮುಂದೆ, ರುದ್ರೇಶ ನೀರಿನ ಬಾಟಲಿ ಹಿಡಿದು ಹಿಂದೆ. ತಂಡದ ಮುಖ್ಯಸ್ಥರು ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಒಂದು ಹೆಜ್ಜೆ ಹಿಂದೆ ಸರಿದರು. ಬೂಟಿನ ಅಡಿ ಏನೋ ಸಿಕ್ಕಿತು. ಬಗ್ಗಿ ನೋಡಿದರೆ ಸಿಗರೇಟಿನ ತುಂಡು. ಇನ್ನೂ ಹೊಗೆಯಾಡುತ್ತಿತ್ತು. ಫಿಲ್ಟರಿನ ಬಳಿ ಬಂಗಾರದ ಉಂಗುರ.

“ಯಾರದಿದು?”

ಎಲ್ಲರಿಗೂ ಗೊತ್ತು, ಎಲ್ಲರೂ ಆಕಾಶ ನೋಡಿದರು. ಸಾಹುಕಾರರು ಹೂಮಾಲೆಯ ಎಸಳು ಸರಿಮಾಡತೊಡಗಿದರು. ರುದ್ರೇಶ ಮಾತ್ರ ಚೌಡವ್ವನನ್ನು ನೋಡಿದರು, ಕೆಲಸ ಹೋಯಿತು ಎನ್ನುವ ಹಾಗೆ.

ಚೌಡವ್ವನ ಲೆಕ್ಕ ಅವರದೇ ಮಾತಿನಲ್ಲಿ ಹೀಗಿದೆ: “ಗುಡಿಸಿಲ್ಲ ಅಂದ್ರ ನಂದ ಕೆಲಸ ಹೋಗತೈತಿ. ಸಾವ್ಕಾರ್ರದು ಅಂದ್ರೂ ನಂದ ಕೆಲಸ ಹೋಗತೈತಿ. ನಾನ ಸೇದೇನಿ ಅಂದ್ರ ಬರೇ ದಂಡ ರೀ. ಹಂಗಂತ ಬೋರ್ಡಿನ ಮ್ಯಾಲ ಬರದಾರಲ್ಲ.”

ಅವರು ಬಕೆಟ್ಟು ಕೆಳಗಿಟ್ಟರು. “ನಂದ್ರಿ” ಎಂದರು. “ನಾನ ಸೇದಿ ಒಗದೇನಿ.”

ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಬಳಿಕ ಗಂಭೀರರಾಗಿ ಅಲ್ಲೇ ದಂಡದ ಪಾವತಿ ಚೀಟಿ ಹರಿದು ಕೊಟ್ಟರು. ನಿಯಮ ಬಂದ ಮೇಲೆ ಸಂತೆಕೊಪ್ಪದಲ್ಲಿ ಯಾರಿಗಾದರೂ ದಂಡ ಬಿದ್ದಿದ್ದರೆ ಅದು ಇದೊಂದೇ, ಬಿದ್ದದ್ದು ಚೌಡವ್ವನಿಗೆ. ಅದಕ್ಕಿಂತ ಕಹಿ ಮುಂದಿದೆ. ಊರಿಗೆ ಬಹುಮಾನ ಬಂತು. ‘ತನ್ನದೇ ಸಿಬ್ಬಂದಿಯನ್ನೂ, ಮಹಿಳೆಯೆಂದೂ ನೋಡದೆ ದಂಡಿಸಿದ ನಿಷ್ಠುರ ಜಾರಿ’ಗಾಗಿ ಎಂದು ಪ್ರಶಸ್ತಿಯ ಫಲಕದಲ್ಲಿ ಕೆತ್ತಲಾಗಿದೆ. ಸಾಹುಕಾರರು ಶಾಲು ಹೊದ್ದು ಅದನ್ನು ಎತ್ತಿ ಹಿಡಿದ ಫೋಟೋ ಚಹಾದಂಗಡಿಯ ಗೋಡೆಯ ತನಕ ಬಂದಿದೆ. ಅದನ್ನು ನೂರಜಹಾನ ತಲೆಕೆಳಗಾಗಿ ಅಂಟಿಸಿದ್ದಾರೆ. ಕೇಳಿದರೆ, “ನನಗ ಓದಾಕ ಬರಂಗಿಲ್ರಿ” ಎನ್ನುತ್ತಾರೆ.

ಕೆಲಸ ಉಳಿಯಿತು. ಹೋದದ್ದು ಹೆಸರು. ನಿಲ್ದಾಣದ ಪಡ್ಡೆಗಳಿಗೆ ಈಗ ಅವರು ‘ಸಿಗರೇಟ ಚೌಡವ್ವ’. “ಅವ್ವಾ, ಒಂದ ಝುರಕಿ ಕೊಡಬೇ” ಎಂದು ಬಸ್ಸಿನ ಕಿಟಕಿಯಿಂದ ಕೂಗುತ್ತಾರೆ. ಮಗಳು ವಿದ್ಯಾಳಿಗೆ ಸವಣೂರಿನ ಕಡೆಯಿಂದ ಮಾತುಕತೆ ನಡೆದಿತ್ತು. ಹುಡುಗನ ಮನೆಯವರು ಹೇಳಿಕಳಿಸಿದ್ದಾರೆ: ತಾಯಿ ಸಿಗರೇಟು ಸೇದುತ್ತಾಳೆ ಎಂದು ಸರ್ಕಾರದ ಪಾವತಿಯೇ ಇದೆಯಂತಲ್ಲ, ವಿಚಾರ ಮಾಡಬೇಕಾಗುತ್ತದೆ.

“ಅಕಿ ನನ್ನ ಬೈಲಿಲ್ಲರಿ” ಎನ್ನುತ್ತಾರೆ ಚೌಡವ್ವ. “ಬೈದಿದ್ರ ಛಲೋ ಇತ್ತು. ‘ಯವ್ವಾ, ನೀ ಹೂಂ ಅಂದದ್ದು ಬರೋಬ್ಬರಿ’ ಅಂದ್ಳು. ಅಂದು ಆ ಕಡೆ ತಿರಿಗಿ ಮಲಕೊಂಡ್ಳು.”

ಪೇಪರಿನ ಭಾನುವಾರದ ಪುರವಣಿಗೆಂದು ಬರೆದ ಇದನ್ನು ಅಚ್ಚಿಗೆ ಹೋಗುವ ಮುಂಚೆ ಓದಿ ಹೇಳಬೇಕೆಂಬುದು ಚೌಡವ್ವನ ಷರತ್ತು. ನೂರಜಹಾನರ ಅಂಗಡಿಯ ಬೆಂಚಿನ ಮೇಲೆ ಓದು ಶುರುವಾಗುತ್ತದೆ. ಮೊದಲ ಸಾಲಿಗೇ ನೂರಜಹಾನರ ಬಾಯಿಂದ ಚಹಾ ಹೊರಗೆ ಚಿಮ್ಮುತ್ತದೆ.

“ನಾಕೂ ತಾಲೂಕಿನ ಬೀಡಿ? ಸ್ವಲ್ಪ ಇಳಸ್ರೀ ಸಾಹೇಬ್ರ. ಸಂತ್ಯಾಗೂ ಇಷ್ಟ ಹೇಳಂಗಿಲ್ಲ.”

ಒಂದು ತಾಲ್ಲೂಕಿಗೆ ಇಳಿಸಲಾಗುತ್ತದೆ. ಇಬ್ಬರೂ ತಲೆಯಾಡಿಸುತ್ತಾರೆ, ಅಡ್ಡಡ್ಡ. ಈ ಊರು ಮಾತ್ರ? ಇಲ್ಲ. ಈ ನಿಲ್ದಾಣ? ಇಲ್ಲ. ಹೋಗಲಿ, ವರ್ಷಕ್ಕೆ ನೂರು ಬೀಡಿಯಾದರೂ? ಹತ್ತು?

“ಒಂದೂ ಇಲ್ರಿ” ಎನ್ನುತ್ತಾರೆ ಚೌಡವ್ವ. “ಈ ಕಡೆ ನೀರ ಹೊಡದ್ರ ಆ ಕಡೆ ಹೋಗಿ ಸೇದ್ತಾರ. ಆ ಕಡೆ ಹೊಡದ್ರ ಈ ಕಡೆ ಬರ್ತಾರ. ನೀವ ಕಣ್ಣಾರೆ ನೋಡೀರಲ್ಲ, ಮತ್ಯಾಕ ಹಂಗ ಬರದೀರಿ?”

ಅವರ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಲಾಗುತ್ತದೆ. ಚಹಾ ತಣ್ಣಗಾಗುತ್ತದೆ.

“ನನ್ನ ದೊಡ್ಡಾಕಿ ಮಾಡಬ್ಯಾಡ್ರಿ. ಒಂದ ಮಾತ ಬರೀರಿ, ಚೌಡವ್ವ ಸಿಗರೇಟ ಸೇದಂಗಿಲ್ಲ ಅಂತ. ಅಷ್ಟ ಸಾಕು. ಸವಣೂರ ಮಂದೀನೂ ಪೇಪರ ಓದ್ತಾರಲ್ಲ.”

ಹಾಗೆ ಬರೆದರೆ ಆ ತುಂಡು ಯಾರದೆಂಬ ಪ್ರಶ್ನೆ ಏಳುತ್ತದೆ. ಗುತ್ತಿಗೆಯ ಹೆಸರುಗಳು ಬರುವ ತಿಂಗಳೇ ಹೊಸದಾಗುತ್ತವೆ. ರುದ್ರೇಶ ಈಗಾಗಲೇ ಎರಡು ಸಲ ಫೋನು ಮಾಡಿ, ಏನೂ ಬರೆಯದಿದ್ದರೆ ಆಕೆಗೇ ಒಳ್ಳೆಯದು ಎಂದಿದ್ದಾರೆ. ಇದನ್ನೆಲ್ಲ ಹೇಳಿದಾಗ ಚೌಡವ್ವ ಕೆಮ್ಮು ನಿಲ್ಲುವ ತನಕ ಕಾಯುತ್ತಾರೆ. ಅವರ ಕಣ್ಣು ಅರಳಿಕಟ್ಟೆಯ ಮೇಲಿದೆ.

“ಗೊತ್ತೈತ್ರಿ. ಸಾವ್ಕಾರ್ರೂ ಆಯ್ತವಾರ ಅಲ್ಲೇ ಕುಂತ ನಿಮ್ಮ ಪೇಪರ ಓದ್ತಾರ. ಓದಿ ಅಲ್ಲೇ ಒಗದ ಹೋಗ್ತಾರ. ಆವತ್ತ ಕಟ್ಟಿ ಸುತ್ತ ಎಲ್ಲಾ ಗುಡಸ್ತೇನಿ, ಆ ಒಂದ ಹಾಳಿ ಮಾತ್ರ ಗುಡಸಂಗಿಲ್ಲ. ಬಂದ ಮಂದಿ ಓದಲಿ.”

ಆದ್ದರಿಂದ ಮೊದಲ ಸಾಲುಗಳನ್ನು ಓದುಗರು ಮರೆಯಬೇಕು. ಸವಣೂರಿನ ಸಿಗರೇಟು ತಣ್ಣಗಾಗಲಿಲ್ಲ, ಹಿರೇಕೆರೂರಿನ ಕಡ್ಡಿಗಳೆಲ್ಲ ಹೊತ್ತಿದವು. ಗೊಟಗೋಡಿಯಲ್ಲಿ ಅಂಥ ಮುದುಕನೇ ಇಲ್ಲ. ಮೆರವಣಿಗೆಯಲ್ಲಿ ಇದ್ದವರು ಇಪ್ಪತ್ತು ಜನ. ಕಂಡಕ್ಟರ್ ಓಡಿದ್ದು ಪೆಟ್ರೋಲ್ ಬಂಕಿನ ತನಕ. ನೆಲ ಎಲ್ಲಿತ್ತೋ ಅಲ್ಲೇ ಇದೆ. ನಿಲ್ದಾಣದಲ್ಲಿ ಹೊಗೆಯೂ ಇದೆ. ಸುಳ್ಳು ಬರೆದದ್ದು ಯಾಕೆಂದರೆ, ಹತ್ತು ತುಂಡು ಆರಿಸಿದರೆಂದಾದರೂ ಹೇಳದೆ ಈಕೆಯನ್ನು ಪುರವಣಿಗೆ ತರಲು ಧೈರ್ಯ ಬರಲಿಲ್ಲ. ಕಣ್ಣಾರೆ ನೋಡಿ, ಎರಡು ಕಡೆಯಿಂದಲೂ ಖಾತ್ರಿ ಮಾಡಿಕೊಂಡು, ಒಂದಕ್ಷರವನ್ನೂ ಹೆಚ್ಚಿಸದೆ ಬರೆಯಬಹುದಾದದ್ದು ಇಷ್ಟು: ಚೌಡವ್ವ ಸಿಗರೇಟು ಸೇದುವುದಿಲ್ಲ. ಯಾವತ್ತೂ ಸೇದಿಲ್ಲ.